ಮಧುಮೇಹಿ ಬಾಲಕರೂ ಅಂಗಸಾಧನೆಯೂ

ಸಾಯಂಕಾಲದ ಐದು ಗಂಟೆಯ ಸುಮಾರಿಗೆ ನಮ್ಮ ಬಾಗಲಕೋಟೆಯ ಸೀಮೆಯೊಳಗಿನ ಯಾವದೊಂದು ಊರ ಬಯಲಿಗೆ ಹೋಗಿ ನಿಂತರೂ ಒಂದೇ ಬಗೆಯ ನೋಟವು ಕಣ್ಣಿಗೆ ಬೀಳುವದು. ಹುಡುಗರು ಧೂಳೆಬ್ಬಿಸುತ್ತ ಖೋಖೋ ಆಡುತ್ತಿರುವರು. ಒತ್ತಟ್ಟಿಗೆ ಕಬಡ್ಡಿಯ ಕೂಗು ಕೇಳುತ್ತಿರುವದು. ಇನ್ನೊತ್ತಟ್ಟಿಗೆ ಗರಡಿಯ ಹುಡುಗರು ದಂಡ ಬಸ್ಕಿಗಳನ್ನು ಹೊಡೆಯುತ್ತಿರುವರು. ಇಂಥ ಬಯಲಿನ ಅಂಚಿಗೆ, ಬೇವಿನ ಗಿಡದ ನೆರಳಿನಲ್ಲಿ, ಗೆಳೆಯರ ಅಂಗಿ ಚಪ್ಪಲಿಗಳನ್ನು ಕಾಯುತ್ತ ಒಬ್ಬ ಹುಡುಗನು ವರ್ಷವೊಂದರ ಮೇಲೆ ಸುಮ್ಮನೆ ಕುಳಿತಿದ್ದನು. ಅವನನ್ನು ಅಲ್ಲಿ ಕೂಡ್ರಿಸಿದವರು ನಾವೇ. ಆ ತಪ್ಪನ್ನು ಒಪ್ಪಿಕೊಳ್ಳುವದಕ್ಕೂ, ಅದರಿಂದ ನಾವು ಕಲಿತದ್ದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವದಕ್ಕೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ಸಂಗತಿಯು 2013ನೆಯ ಇಸವಿಯದು. ಹುನಗುಂದ ಇಲಕಲ್ಲುಗಳ ನಡುವಿನ ಒಂದು ಊರ ಪ್ರೌಢಶಾಲೆಯಲ್ಲಿ ನಾವು ಆಗ ಸಂಸ್ಕೃತವನ್ನು ಕಲಿಸುತ್ತಿದ್ದೆವು. ಎಂಟನೆಯ ಇಯತ್ತೆಯಲ್ಲಿ ನೇಕಾರರ ಮನೆಯ ಒಬ್ಬ ಹುಡುಗನಿದ್ದನು. ತಂದೆಯು ಕುಣಿಮಗ್ಗದಲ್ಲಿ ಸೀರೆ ನೆಯ್ಯುವವನು. ತಾಯಿಯು ಹಾಸಿಗೆ ನೂಲು ಸಿದ್ಧಮಾಡುವವಳು. ಹುಡುಗನು ಓಟದಲ್ಲಿ ಮುಂದು. ಅಂಥವನು ದೀಪಾವಳಿಯ ಹೊತ್ತಿಗೆ ಕಡ್ಡಿಯಂತೆ ಸೊರಗತೊಡಗಿದನು. ಪಾಠದ ನಡುವೆ ಮೂರು ಮೂರು ಸಲ ನೀರಿಗೆ ಏಳುವನು, ಅಷ್ಟೇ ಸಲ ಹೊರಕ್ಕೆ ಹೋಗುವನು. ನಾವು ಅದನ್ನು ಪಾಠಗಳ್ಳತನವೆಂದು ಬಗೆದು ಎರಡು ಸಲ ಗದರಿಸಿದೆವು. ಮನೆಯವರು ದೃಷ್ಟಿ ತಗಲಿದೆಯೆಂದು ನಿವಾಳಿಸಿ ಹಾಕಿದರು. ಕಡೆಗೊಂದು ದಿನ ವಾಂತಿಯೂ ಹೊಟ್ಟೆನೋವೂ ಉಬ್ಬಸದಂಥ ಉಸಿರೂ ಹತ್ತಿ, ಅವನನ್ನು ಬಾಗಲಕೋಟೆಯ ಒಂದು ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಅದು ಮಧುಮೇಹವೆಂದು ಗೊತ್ತಾಯಿತು. ಇನ್ನೊಂದು ದಿನ ತಡವಾಗಿದ್ದರೆ ಹುಡುಗನು ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರಂತೆ.

ಹನ್ನೆರಡು ದಿವಸಗಳ ತರುವಾಯ ಅವನು ಶಾಲೆಗೆ ಬಂದನು. ಚೀಲದಲ್ಲಿ ಪುಸ್ತಕಗಳ ಜೊತೆಗೆ ಒಂದು ಸಣ್ಣ ಡಬ್ಬಿ. ಅದರಲ್ಲಿ ರಕ್ತದ ಸಕ್ಕರೆಯನ್ನು ಅಳೆಯುವ ಯಂತ್ರ. ಮನೆಯಲ್ಲಿ ಮುಂಜಾನೆಗೊಂದು ಸಂಜೆಗೊಂದು ಇನ್ಸುಲಿನ್ನಿನ ಚುಚ್ಚುಮದ್ದು. ತಾಯಿಯು ನಮ್ಮ ಹತ್ತಿರ ಬಂದು, "ಗುರುಗಳ, ನನ್ನ ಕೂಸು ನಿಮ್ಮ ಕೈಯಾಗ ಐತಿ, ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯ್ರಿ" ಎಂದು ಸೆರಗೊಡ್ಡಿದಳು. ಕಾಯುತ್ತೇವೆಂದು ಮಾತು ಕೊಟ್ಟೆವು. ಆದರೆ ಕಾಯುವದೆಂದರೇನೆಂಬದು ನಮಗೆ ಗೊತ್ತಿರಲಿಲ್ಲ.

ನಮಗೆ ಗೊತ್ತಿದ್ದದ್ದು ಗ್ರಂಥ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವು ಎರಡು ವಿಧವೆಂದು ಹೇಳಿದೆ. ಹುಟ್ಟಿನಿಂದಲೇ ಬರುವದೊಂದು, ಅಪಥ್ಯದಿಂದ ಬರುವದೊಂದು; ಮೊದಲಿನವನು ಕೃಶ, ಎರಡನೆಯವನು ಸ್ಥೂಲ. ರೋಗವು ಬಲಿತವನು ನಿರ್ಧನನಾದರೆ ಚಪ್ಪಲಿ ಕೊಡೆಗಳಿಲ್ಲದೆ, ಭಿಕ್ಷಾನ್ನವನ್ನುಂಡು, ಒಂದೂರಲ್ಲಿ ಒಂದೇ ರಾತ್ರಿ ತಂಗಿ, ನೂರು ಯೋಜನಗಳನ್ನೋ ಅದಕ್ಕೂ ಹೆಚ್ಚಾಗಿಯೋ ನಡೆಯಬೇಕೆಂದೂ, ಬಾವಿಯನ್ನಾದರೂ ತೋಡಬೇಕೆಂದೂ ಆ ಮಹಾವೈದ್ಯನು ವಿಧಿಸಿದ್ದಾನೆ. ಕೊನೆಗೆ, ಕೃಶನಾದವನನ್ನು ಮಾತ್ರ ಸದಾ ರಕ್ಷಿಸಬೇಕೆಂದು ಎಚ್ಚರಿಸಿದ್ದಾನೆ. ನಮ್ಮ ಹುಡುಗನು ಕೃಶನು. ಆದುದರಿಂದ ಅವನನ್ನು ರಕ್ಷಿಸುವದು ನಮ್ಮ ಧರ್ಮ. ರಕ್ಷಿಸುವದೆಂದರೆ ಕೂಡ್ರಿಸುವದು! ಹೀಗೆಂದು ನಾವು ಅರ್ಥಮಾಡಿಕೊಂಡೆವು. ಕವಾಯತು ಬೇಡ, ಖೋಖೋ ಬೇಡ, ನೀರಿನ ಕೊಡ ಎತ್ತುವದೂ ಬೇಡ; ಬೇವಿನ ಗಿಡದ ಕೆಳಗೆ ಕುಳಿತುಕೋ ಎಂದೆವು. ದೈಹಿಕ ಶಿಕ್ಷಕರು ಒಪ್ಪಿದರು. ಮುಖ್ಯಾಧ್ಯಾಪಕರಿಗೆ ಸಮಾಧಾನವಾಯಿತು. ಹುಡುಗನನ್ನು ಯಾರೂ ಕೇಳಲಿಲ್ಲ.

ಒಂದು ಸಂಜೆ ಅವನೇ ಕೇಳಿದನು: "ಸರ, ನಾ ಆಡಿದ್ರ ಸಾಯ್ತೀನೇನ್ರಿ?" ನಾವು, "ಹಂಗೆಲ್ಲಾ ಮಾತಾಡಬಾರದು ತಮ್ಮಾ" ಎಂದು ಬಾಯಿ ಮುಚ್ಚಿಸಿದೆವು. ಉತ್ತರವು ನಮ್ಮಲ್ಲಿರಲಿಲ್ಲ.

ಮಾರನೆಯ ವರ್ಷ ತಾಲೂಕಿನ ಆಟಗಳ ಕಾಲ ಬಂದಿತು. ಹುಡುಗನಿಗೆ ತಡೆಯಲಾಗಲಿಲ್ಲ. ಅಂದು ಮಧ್ಯಾಹ್ನದ ಬಿಸಿಯೂಟವನ್ನು ಅರ್ಧಕ್ಕೇ ಬಿಟ್ಟು, ನಮ್ಮ ಕಣ್ಣು ತಪ್ಪಿಸಿ, ಸಂಜೆ ಖೋಖೋ ತಂಡದಲ್ಲಿ ಹೊಕ್ಕನು. ಅರ್ಧ ತಾಸಿನ ಮೇಲೆ ಯಾರೋ ಕೂಗಿದರು. ಹೋಗಿ ನೋಡಿದರೆ ಹುಡುಗನು ನೆಲದ ಮೇಲೆ ಕುಳಿತಿದ್ದಾನೆ. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿವೆ, ಕೇಳಿದ್ದೊಂದಕ್ಕೆ ಹೇಳುವದೊಂದು. ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ ಅವನ ತಂಗಿಯು ಓಡಿಬಂದು, "ಸಕ್ಕರಿ ಕೊಡ್ರಿ, ಲಗೂನ ಸಕ್ಕರಿ ಕೊಡ್ರಿ" ಎಂದು ಅಳುತ್ತ ಕೂಗಿದಳು. ವಾಚಕರೇ, ನಾವು ಆಗ ಏನು ಮಾಡಿದೆವು ಬಲ್ಲಿರಾ? ಸಕ್ಕರೆಯ ರೋಗದವನಿಗೆ ಸಕ್ಕರೆಯೇ ಎಂದು ಆ ಕೂಸಿನ ಕೈಯನ್ನು ಹಿಡಿದು ನಿಲ್ಲಿಸಿದೆವು. ಬಿಸಿಯೂಟದ ಅಡಿಗೆಯ ಅಕ್ಕನು ನಮ್ಮ ಮಾತಿಗೆ ಕಾಯದೆ ಒಂದು ಲೋಟ ಸಕ್ಕರೆನೀರನ್ನು ತಂದು ಅವನಿಗೆ ಕುಡಿಸಿದಳು. ಹತ್ತು ಹದಿನೈದು ನಿಮಿಷಗಳಲ್ಲಿ ಹುಡುಗನು ಕಣ್ಣರಳಿಸಿ ನಮ್ಮನ್ನು ಗುರುತಿಸಿದನು. ನಾವು ಕಳೆದ ಆ ಎರಡು ಮೂರು ನಿಮಿಷಗಳನ್ನು ಇಂದಿಗೂ ಮರೆಯಲಾರೆವು. ಶಾಸ್ತ್ರವನ್ನು ಓದಿದ ನಾವು ಅರಿಯದ್ದನ್ನು ಹನ್ನೆರಡು ವರ್ಷದ ಹುಡುಗಿಯು ಅರಿತಿದ್ದಳು. ಏಕೆಂದರೆ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದನ್ನು ಅವಳು ಕಿವಿಗೊಟ್ಟು ಕೇಳಿದ್ದಳು, ನಾವು ಕೇಳಿರಲಿಲ್ಲ.

ಮುಂದಿನ ಆದಿತ್ಯವಾರ ಆ ತಂದೆತಾಯಿಗಳೊಡನೆ ನಾವೂ ಬಾಗಲಕೋಟೆಗೆ ಹೋಗಿ ವೈದ್ಯರನ್ನು ಕಂಡೆವು. ಅವರು ತಿಳಿಯಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ಇಲ್ಲಿ ಕ್ರಮವಾಗಿ ನಿವೇದಿಸುತ್ತೇವೆ.

ಮಕ್ಕಳಿಗೆ ಬರುವ ಮಧುಮೇಹವು ಹೆಚ್ಚಾಗಿ ಒಂದನೆಯ ತರಗತಿಯದು. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ನೆಂಬ ರಸವನ್ನು ತಯಾರಿಸುವ ಕಣಗಳಿವೆ. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಆ ಕಣಗಳನ್ನು ನಾಶಮಾಡುವದರಿಂದ ಈ ರೋಗವುಂಟಾಗುತ್ತದೆ. ಮಗುವು ಬೆಲ್ಲ ಸಕ್ಕರೆಗಳನ್ನು ಹೆಚ್ಚು ತಿಂದದ್ದರಿಂದ ಬಂದದ್ದಲ್ಲ. ತಾಯಿಯ ತಪ್ಪಿನಿಂದ ಬಂದದ್ದೂ ಅಲ್ಲ. ಇದು ಒಬ್ಬರಿಂದೊಬ್ಬರಿಗೆ ಅಂಟುವದೂ ಇಲ್ಲ. ಇನ್ಸುಲಿನ್ ಇಲ್ಲದಿದ್ದರೆ ಉಂಡ ಅನ್ನದ ಸಕ್ಕರೆಯು ರಕ್ತದಲ್ಲಿಯೇ ನಿಂತು ಮೂತ್ರದಲ್ಲಿ ಹರಿದುಹೋಗುವದು. ದೇಹವು ತನ್ನ ಕೊಬ್ಬನ್ನೇ ಸುಟ್ಟುಕೊಳ್ಳತೊಡಗುವದು. ಆಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲವಸ್ತುಗಳು ಕೂಡಿಕೊಂಡು ಪ್ರಾಣಾಪಾಯವಾಗುವದು. ಅತಿಯಾದ ನೀರಡಿಕೆ, ಮೇಲಿಂದ ಮೇಲೆ ಮೂತ್ರ, ಹಾಸಿಗೆ ಒದ್ದೆ ಮಾಡುವದನ್ನು ಬಿಟ್ಟ ಮಗುವು ಮತ್ತೆ ಮಾಡತೊಡಗುವದು, ಉಂಡರೂ ಸೊರಗುವದು, ಈ ಲಕ್ಷಣಗಳು ಕಂಡ ದಿನವೇ ಮಗುವಿನ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಬೇಕು. ಬೆರಳ ತುದಿಯ ಒಂದು ಹನಿ ರಕ್ತ ಸಾಕು.

ನೂರು ವರ್ಷಗಳ ಹಿಂದೆ ಈ ಮಕ್ಕಳಿಗೆ ಬದುಕಿನ ಆಸೆಯೇ ಇರಲಿಲ್ಲ. ಅಮೇರಿಕೆಯ ವೈದ್ಯರು ಅವರನ್ನು ಉಪವಾಸ ಕೆಡವಿ ಕೆಲವು ತಿಂಗಳು ಜೀವ ಹಿಡಿಸುತ್ತಿದ್ದರು, ಅಷ್ಟೇ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ಪಟ್ಟಣದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮ್ಯಾಕ್ಲಿಯಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದರು. ಕಾಲಿಪ್ ಎಂಬವರು ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನು ಅದನ್ನು ಪಡೆದು ಸಾವಿನ ಬಾಗಿಲಿನಿಂದ ಹಿಂದಿರುಗಿದನು. ಅಂದಿನಿಂದ ಈ ಮಕ್ಕಳಿಗೆ ಇನ್ಸುಲಿನ್ನೇ ಅನ್ನಕ್ಕಿಂತ ಮೊದಲಿನ ಅನ್ನ. ಬೇರು ನಾರುಗಳನ್ನು ಕೊಟ್ಟು ಚುಚ್ಚುಮದ್ದನ್ನು ಬಿಡಿಸುತ್ತೇವೆನ್ನುವವರ ಮಾತಿಗೆ ಕಿವಿಗೊಟ್ಟರೆ ಕೆಲವೇ ದಿನಗಳಲ್ಲಿ ಮಗುವನ್ನು ಕಳೆದುಕೊಳ್ಳಬೇಕಾಗುವದು. ಅಂಗಸಾಧನೆಯೂ ಇನ್ಸುಲಿನ್ನಿಗೆ ಬದಲಾಗಲಾರದು, ಜೊತೆಯಾಗಬಲ್ಲದು. ಬಾಸ್ಟನ್ನಿನ ಪ್ರಖ್ಯಾತ ವೈದ್ಯ ಎಲಿಯಟ್ ಜಾಸ್ಲಿನ್ನರು ಆಹಾರ, ಇನ್ಸುಲಿನ್, ಅಂಗಸಾಧನೆ ಈ ಮೂರನ್ನೂ ಒಂದೇ ರಥಕ್ಕೆ ಹೂಡಿದ ಮೂರು ಕುದುರೆಗಳಿಗೆ ಹೋಲಿಸುತ್ತಿದ್ದರು. ನಾವು ಮೂರನೆಯ ಕುದುರೆಯನ್ನು ಬಿಚ್ಚಿ ಗಿಡಕ್ಕೆ ಕಟ್ಟಿದ್ದೆವು.

ಆಟದಿಂದ ಸಕ್ಕರೆಯು ಏಕೆ ಇಳಿಯುತ್ತದೆ? ಸ್ನಾಯುವೆಂಬ ಮನೆಗೆ ಇನ್ಸುಲಿನ್ನು ತಲಬಾಗಿಲನ್ನು ತೆರೆದಾಗಲೇ ಸಕ್ಕರೆಯು ಒಳಹೋಗಬೇಕು. ಆದರೆ ಸ್ನಾಯುವು ದುಡಿಯತೊಡಗಿದಾಗ ಹಿತ್ತಲ ಬಾಗಿಲನ್ನು ತಾನೇ ತೆರೆದು ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಆರೋಗ್ಯವಂತ ಮಗುವಿನಲ್ಲಿ ಆಟ ಸುರುವಾದೊಡನೆ ಶರೀರವು ಇನ್ಸುಲಿನ್ನನ್ನು ತಾನೇ ಕಡಿಮೆ ಮಾಡುವದು. ಯಕೃತ್ತು ತನ್ನ ಹಗೇವನ್ನು ತೆಗೆದು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಅಳೆದುಕೊಡುವದು. ಆದುದರಿಂದ ಏರುಪೇರಾಗುವದಿಲ್ಲ. ಚುಚ್ಚಿಕೊಂಡ ಇನ್ಸುಲಿನ್ನಾದರೋ ಬಿಲ್ಲಿನಿಂದ ಹೊರಟ ಬಾಣದಂತೆ. ಹಿಂದಕ್ಕೆ ಕರೆಯಲಿಕ್ಕೆ ಬಾರದು. ಅದು ತಲಬಾಗಿಲನ್ನು ತೆರೆದೇ ಇಟ್ಟಿರುವದಲ್ಲದೆ, ಯಕೃತ್ತಿನ ಹಗೇವಿನ ಬಾಯಿಯನ್ನೂ ಮುಚ್ಚಿರುವದು. ಎರಡು ಬಾಗಿಲುಗಳಿಂದ ಸಕ್ಕರೆಯು ಸೋರಿ, ಬರುವ ದಾರಿಯು ಕಟ್ಟಿದಾಗ ರಕ್ತದಲ್ಲಿ ಕೊರತೆಯಾಗುವದು. ನಮ್ಮ ಹುಡುಗನು ಬಿದ್ದದ್ದು ಹೀಗೆ: ಮುಂಜಾನೆಯ ಚುಚ್ಚುಮದ್ದು ಸಂಜೆಯ ತನಕ ಕೆಲಸಮಾಡುವಂಥಾದ್ದು, ಊಟ ಅರ್ಧ, ಆಟ ಪೂರ್ತಿ. ಆಟವು ಅವನನ್ನು ಬೀಳಿಸಲಿಲ್ಲ, ಸಿದ್ಧತೆಯಿಲ್ಲದ ಆಟವು ಬೀಳಿಸಿತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಇನ್ಸುಲಿನ್ ತಪ್ಪಿಸಿದ, ರಕ್ತದಲ್ಲಿ ಸಕ್ಕರೆಯೂ ಕೀಟೋನೂ ಏರಿದ ಮಗುವನ್ನು ಓಡಿಸಿದರೆ ಸಕ್ಕರೆಯು ಇಳಿಯುವದಿಲ್ಲ, ಏರುವದು. ಹಗೇವಿನ ಬಾಯಿಯನ್ನು ಮುಚ್ಚುವವರಿಲ್ಲದ್ದರಿಂದ ಯಕೃತ್ತು ಸುರಿಯುತ್ತಲೇ ಇರುವದು. ಕೀಟೋನುಗಳು ಇನ್ನಷ್ಟು ಹೆಚ್ಚುವವು. ಸಕ್ಕರೆ ಏರಿದೆಯೆಂದು ಮಗುವನ್ನು ಬಯಲು ಸುತ್ತಿಸಿ ಇಳಿಸಲು ಹೋಗುವ ಹಿರಿಯರು ಈ ಮಾತನ್ನು ನೆನಪಿನಲ್ಲಿಡಬೇಕು.

ಇನ್ನು ವಿಧಿಗಳಿಗೆ ಬರುವಾ. ಇವು ಈಗಿನ ಕಾಲದ ವೈದ್ಯಸಂಘಗಳು ಒಪ್ಪಿದ ಸಾಮಾನ್ಯ ಅಳತೆಗಳು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಈ ರೋಗಕ್ಕಾಗಿಯೇ 2022ರಲ್ಲಿ ಮಾರ್ಗದರ್ಶಿಯೊಂದನ್ನು ಹೊರಡಿಸಿದೆ. ಪ್ರತಿಯೊಂದು ಮಗುವಿಗೂ ತಕ್ಕ ಅಳತೆಯನ್ನು ಅದರ ವೈದ್ಯರೇ ಗೊತ್ತುಪಡಿಸಬೇಕು.

ಆಟಕ್ಕೆ ಮೊದಲು: ಅರ್ಧ ತಾಸಿನೊಳಗಾಗಿ ರಕ್ತವನ್ನು ಪರೀಕ್ಷಿಸಬೇಕು. ಒಂದು ಡೆಸಿಲೀಟರಿಗೆ 90 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ 10ರಿಂದ 20 ಗ್ರಾಂ ಸಕ್ಕರೆಯ ಪದಾರ್ಥವನ್ನು ಕೊಟ್ಟು, ಅಂಕಿಯು 90ನ್ನು ದಾಟುವ ತನಕ ಕಾಯಬೇಕು. 90ರಿಂದ 270ರ ವರೆಗೆ ಸಾಮಾನ್ಯವಾಗಿ ಆಡಬಹುದು; ಕೆಳಗಿನ ಅಂಕಿಗಳಿದ್ದಾಗ ಸ್ವಲ್ಪ ತಿಂದು ಆಡಬೇಕು. 270ನ್ನು ಮೀರಿದ್ದರೆ ಕೀಟೋನ್ ಪರೀಕ್ಷೆಯಾಗಬೇಕು. ಕೀಟೋನ್ ಏರಿದ್ದರೆ, ಇಲ್ಲವೆ ಮಗುವಿಗೆ ಜ್ವರ ವಾಂತಿಗಳಿದ್ದರೆ, ಅಂದು ಆಟ ಬೇಡ, ವೈದ್ಯರನ್ನು ಕೇಳಬೇಕು. ಹಿಂದಿನ 24 ತಾಸುಗಳಲ್ಲಿ ಸಕ್ಕರೆಯಿಳಿದು ಎಚ್ಚರ ತಪ್ಪಿದ್ದರೂ ಅಂದು ವಿಶ್ರಾಂತಿಯೇ ಸರಿ. ಓಡುವ ದಿನ ತೊಡೆಗೆ ಚುಚ್ಚಿದರೆ ಮದ್ದು ಬೇಗ ಏರುವದು. ಹೊಟ್ಟೆಯ ಭಾಗವು ಲೇಸು.

ಆಡುವಾಗ: ಅರ್ಧ ತಾಸಿಗೊಮ್ಮೆ ನಿಲ್ಲಿಸಿ ನೋಡಬೇಕು. ಆಟಕ್ಕಾಗಿ ಇನ್ಸುಲಿನ್ನನ್ನು ಮೊದಲೇ ಕಡಿಮೆ ಮಾಡಿರದಿದ್ದರೆ, ಮಗುವಿನ ತೂಕದ ಒಂದೊಂದು ಕಿಲೋಗ್ರಾಮಿಗೆ ತಾಸಿಗೆ ಅರ್ಧದಿಂದ ಒಂದು ಗ್ರಾಮಿನಷ್ಟು ಪಿಷ್ಟ ಸಕ್ಕರೆಗಳು ಬೇಕಾಗುವವು. 30 ಕಿಲೋಗ್ರಾಂ ತೂಕದ ಹುಡುಗನಿಗೆ ಇದು ತಾಸಿಗೆ 15ರಿಂದ 30 ಗ್ರಾಂ. ಒಂದು ಮಧ್ಯಮ ಬಾಳೆಯಹಣ್ಣು ಈ ಅಳತೆಯೊಳಗೆ ಬರುವದು. ನಮ್ಮ ಸೀಮೆಯ ಬಿಸಿಲಿನಲ್ಲಿ ನೀರನ್ನಂತೂ ಮರೆಯಲಾಗದು.

ಸಕ್ಕರೆಯಿಳಿದಾಗ: ನಡುಕ, ತಣ್ಣನೆಯ ಬೆವರು, ಹಸಿವು, ಕಾರಣವಿಲ್ಲದ ಸಿಟ್ಟು, ಮಂಕು, ತೊದಲು ಮಾತು, ಇವೇ ಗುರುತುಗಳು. ಅಂಕಿಯು 70ಕ್ಕಿಂತ ಕೆಳಗಿಳಿದರೆ, ಅಥವಾ ಪರೀಕ್ಷೆಗೆ ಯಂತ್ರವಿಲ್ಲದಿದ್ದರೂ ಗುರುತು ಕಂಡರೆ, ಕೂಡಲೆ ಆಟ ನಿಲ್ಲಿಸಿ ಸಕ್ಕರೆಯನ್ನು ಕೊಡಬೇಕು. ಅಳತೆಯು ಕಿಲೋಗ್ರಾಮಿಗೆ 0.3 ಗ್ರಾಂ, 30 ಕಿಲೋಗ್ರಾಮಿನವನಿಗೆ ಸುಮಾರು 9 ಗ್ರಾಂ, ಅಂದರೆ ಎರಡು ಚಹದ ಚಮಚೆ. ದೊಡ್ಡ ಹುಡುಗರಿಗೆ 15 ಗ್ರಾಂ, ಮೂರು ಚಮಚೆ. ಗ್ಲೂಕೋಸ್ ಪುಡಿಯು ಎಲ್ಲಕ್ಕೂ ಉತ್ತಮ. ಇಲ್ಲದಿದ್ದರೆ ನೀರಿನಲ್ಲಿ ಕರಗಿಸಿದ ಸಕ್ಕರೆ. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ. ಅಮೀನಗಡದ ಕರದಂಟು ನಮ್ಮ ಸೀಮೆಯ ಹೆಮ್ಮೆಯ ತಿನಿಸು. ಆದರೆ ಈ ಹೊತ್ತಿಗೆ ಅದು ಬೇಡ. ಅದರೊಳಗಿನ ತುಪ್ಪವೂ ಬೀಜಗಳೂ ಸಕ್ಕರೆಯು ರಕ್ತಕ್ಕೆ ಸೇರುವದನ್ನು ತಡೆಯುತ್ತವೆ. ಪೇಢೆ, ಶೇಂಗಾ ಉಂಡಿಗಳಿಗೂ ಇದೇ ಮಾತು. ಮಗುವಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಅದು ಉಸಿರಿನ ದಾರಿಗೆ ಹೋದೀತು. ಮಗ್ಗುಲಾಗಿ ಮಲಗಿಸಿ, ಗ್ಲುಕಾಗನ್ ಚುಚ್ಚುಮದ್ದು ಮನೆಯಲ್ಲಿದ್ದು ಕಲಿತವರಿದ್ದರೆ ಕೊಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆಟದ ತರುವಾಯ: ತಂದೆತಾಯಿಗಳು ಇಲ್ಲಿಯೇ ಮೋಸಹೋಗುವರು. ಆಟ ಮುಗಿಯಿತು, ಅಂಕಿ ಚೆನ್ನಾಗಿದೆ, ಇನ್ನೇನು ಭಯವೆಂದು ಮಲಗುವರು. ದಣಿದ ಸ್ನಾಯುಗಳು ಬರಿದಾದ ತಮ್ಮ ಕಣಜಗಳನ್ನು ರಾತ್ರಿಯೆಲ್ಲ ತುಂಬಿಕೊಳ್ಳುತ್ತಿರುವವು. ಆದುದರಿಂದ ಸಾಯಂಕಾಲ ಆಡಿದ ಮಗುವಿಗೆ 7ರಿಂದ 11 ತಾಸುಗಳ ಮೇಲೆ, ಅಂದರೆ ನಟ್ಟಿರುಳಿನಿಂದ ಬೆಳಗಿನ ಜಾವದೊಳಗೆ, ಸಕ್ಕರೆಯು ಇಳಿಯುವ ಸಂಭವವುಂಟು. ಹೆಚ್ಚು ಆಡಿದ ದಿನ ಮಲಗುವಾಗೊಮ್ಮೆ, ಎರಡು ಮೂರು ಗಂಟೆಗೊಮ್ಮೆ ಪರೀಕ್ಷಿಸಬೇಕು. ಮಲಗುವ ಮುಂಚೆ ಹಾಲು ರೊಟ್ಟಿಯಂಥ ಆಹಾರವನ್ನು ಕೊಡುವದೂ, ರಾತ್ರಿಯ ಇನ್ಸುಲಿನ್ನನ್ನು ಎಷ್ಟು ಇಳಿಸಬೇಕೆಂಬದೂ ವೈದ್ಯರನ್ನು ಕೇಳಿ ಗೊತ್ತುಮಾಡತಕ್ಕ ಮಾತು. ಇಳಿಸುವದು ಬೇರೆ, ಬಿಡುವದು ಬೇರೆ.

ಎಲ್ಲ ಆಟಗಳೂ ಒಂದೇ ಪರಿಣಾಮವನ್ನು ಮಾಡುವದಿಲ್ಲ. ಒಂದೇ ಸಮನೆ ನಡೆಯುವದು, ಈಸುವದು, ಸೈಕಲ್ ತುಳಿಯುವದು ಸಕ್ಕರೆಯನ್ನು ಇಳಿಸುವವು. ನೂರು ಮೀಟರ್ ಓಟದಂಥ, ಕುಸ್ತಿಯ ಪಟ್ಟಿನಂಥ ಗಳಿಗೆಯ ಬಿರುಸಿನ ಕೆಲಸದಲ್ಲಿ ಅಡ್ರಿನಲಿನ್ ಎಂಬ ರಸವು ಉಕ್ಕಿ ಸಕ್ಕರೆಯು ಕೆಲಹೊತ್ತು ಏರುವದೂ ಉಂಟು. ಅದನ್ನು ಕಂಡು ಹೌಹಾರಿ ಇನ್ನಷ್ಟು ಇನ್ಸುಲಿನ್ ಚುಚ್ಚಿದರೆ ರಾತ್ರಿಗೆ ಅಪಾಯವನ್ನು ಕರೆದಂತಾಗುವದು. ಖೋಖೋ ಕಬಡ್ಡಿಗಳಲ್ಲಿ ಈ ಎರಡೂ ಬೆರೆತಿವೆ. ಹೀಗಾಗಿ ಒಂದು ಸಣ್ಣ ವಹಿಯಲ್ಲಿ ಆಟದ ಹೆಸರು, ಹೊತ್ತು, ಮೊದಲಿನ ಅಂಕಿ, ಆಮೇಲಿನ ಅಂಕಿ ಬರೆದಿಡಬೇಕು. ಹದಿನೈದು ದಿನಗಳಲ್ಲಿ ಆ ಮಗುವಿನ ದೇಹದ ವ್ಯಾಕರಣವು ಮನೆಯವರಿಗೆ ತಿಳಿಯುವದು. ಬಾವಿ ಹೊಳೆಗಳಲ್ಲಿ ಈಸುವದಕ್ಕೆ ಮಾತ್ರ ಈ ಮಗುವನ್ನು ಒಂಟಿಯಾಗಿ ಎಂದಿಗೂ ಬಿಡಬಾರದು. ಗುರುತುಗಳನ್ನು ಬಲ್ಲವರು ಜೊತೆಗಿರಬೇಕು.

ನಮ್ಮ ಸೀಮೆಗೆ ಸಂಬಂಧಪಟ್ಟ ಕೆಲವು ಮಾತುಗಳುಂಟು. ಬನದ ಹುಣ್ಣಿವೆಗೆ ಬಾದಾಮಿಯ ಬನಶಂಕರಿಯ ಜಾತ್ರೆಗೆ ಮಕ್ಕಳುಮರಿಗಳೊಡನೆ ಹೋಗುವ ಮನೆಗಳೆಷ್ಟೋ. ಬಾದಾಮಿಯಿಂದ ಗುಡಿಗೆ ಸುಮಾರು 5 ಕಿಲೋಮೀಟರ್. ಮೇಣಬಸದಿಗಳ ಮೆಟ್ಟಿಲೇರುವದು, ಅಗಸ್ತ್ಯತೀರ್ಥದ ದಂಡೆಯ ಮೇಲೆ ಅಲೆಯುವದು, ಜಾತ್ರೆಯ ಪೇಟೆಯನ್ನು ಸುತ್ತುವದು, ಇವೆಲ್ಲವೂ ಅಂಗಸಾಧನೆಯೇ. ಹಿರಿಯರು ಅದನ್ನು ಅಂಗಸಾಧನೆಯೆಂದು ಎಣಿಸದ್ದರಿಂದಲೇ ಬುತ್ತಿ ಬಿಚ್ಚುವದು ತಡವಾಗಿ ಮಗುವು ಕಂಗೆಡುವದು. ಮದ್ದು, ಯಂತ್ರ, ಗ್ಲೂಕೋಸ್ ಈ ಮೂರೂ ಬುತ್ತಿಯ ಗಂಟಿನಲ್ಲಿಯೇ ಇರಬೇಕು. ಬರಿಗಾಲಿನಿಂದ ನಡೆಯುವದು ಸುಶ್ರುತನ ಕಾಲಕ್ಕೆ ಸರಿ. ಈ ಮಕ್ಕಳಿಗೆ ಹದವಾದ ಪಾದರಕ್ಷೆ ಬೇಕು. ಸಂಜೆ ಪಾದಗಳನ್ನು ತೊಳೆದು ಮುಳ್ಳು ಗುಳ್ಳೆಗಳನ್ನು ನೋಡಬೇಕು.

ಚೈತ್ರ ವೈಶಾಖಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವದು. ಇನ್ಸುಲಿನ್ನು ಬಿಸಿಗೆ ಕೆಡುವದು, ಹೆಪ್ಪುಗಟ್ಟಿದರೂ ಕೆಡುವದು. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆಯನ್ನಿಟ್ಟು, ನಡುವೆ ಹಸಿ ಉಸುಕು ತುಂಬಿ, ಒದ್ದೆ ಅರಿವೆಯನ್ನು ಮುಚ್ಚಿ ನೆರಳಿನಲ್ಲಿಡಬೇಕು; ನೀರು ಆರುವಾಗ ಒಳಗಣ ಗಡಿಗೆಯು ತಂಪಾಗುವದು. ಮದ್ದಿನ ಸೀಸೆಗೆ ನೀರು ತಗಲದಂತೆ ಡಬ್ಬಿಯಲ್ಲಿಟ್ಟು ಅದರೊಳಗಿರಿಸಬಹುದು. ಆಟದ ಬಯಲಿನಲ್ಲಿ ಬಿಸಿಲಿಗೆ ಬಿದ್ದ ಚೀಲದಲ್ಲಿ ಮದ್ದನ್ನು ಇಡಬಾರದು.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಗಂಡುಹುಡುಗನ ರೋಗವನ್ನು ಹೇಳಿಕೊಳ್ಳುವ ಮನೆಯವರೂ ಹುಡುಗಿಯ ರೋಗವನ್ನು, ಮುಂದೆ ಲಗ್ನಕ್ಕೆ ಅಡ್ಡಿಯಾದೀತೆಂದು, ಮುಚ್ಚಿಡುವರು. ಮುಚ್ಚಿಟ್ಟ ರೋಗಕ್ಕೆ ಶಾಲೆಯಲ್ಲಿ ಸಕ್ಕರೆ ಕೊಡುವವರಾರು? ಆಟವೂ ಅವಳಿಗೆ ಬೇಗನೆ ತಪ್ಪಿಹೋಗುವದು. ಪಂಚಮಿಯ ಜೋಕಾಲಿ, ಫುಗಡಿ, ಕುಂಟಾಟ, ಹಗ್ಗದ ಜಿಗಿತ, ಇವೆಲ್ಲ ನಮ್ಮ ಹೆಣ್ಣುಮಕ್ಕಳ ಅಂಗಸಾಧನೆಗಳೇ, ಅಂಗಳವೇ ಸಾಕು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿದೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮಧುಮೇಹಿ ಮಕ್ಕಳಿಗೂ ಅದೇ ಗುರಿಯನ್ನು ವೈದ್ಯರು ಹೇಳುತ್ತಾರೆ. ಆಟದಿಂದ ಹೃದಯವೂ ಎಲುಬುಗಳೂ ಗಟ್ಟಿಯಾಗುವವು. ಇನ್ಸುಲಿನ್ನು ಚೆನ್ನಾಗಿ ಕೆಲಸಮಾಡುವದು. ಎಲ್ಲಕ್ಕೂ ಮಿಗಿಲಾಗಿ, ತಾನು ಇತರರಂತೆಯೇ ಎಂಬ ಧೈರ್ಯವು ಮಗುವಿಗೆ ಬರುವದು.

ಈ ಧೈರ್ಯಕ್ಕೆ ಜಗತ್ತಿನಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸರಿಗೆ 1920ರಲ್ಲಿ ಈ ರೋಗವು ಕಂಡಿತು. ಸಾಯುವದಂತೂ ನಿಶ್ಚಯವೆಂದು ಅವರು ಇಟಲಿಯ ಫ್ಲಾರೆನ್ಸಿಗೆ ಹೋಗಿ ನೆಲಸಿದರು. 1923ರಲ್ಲಿ ಇನ್ಸುಲಿನ್ ದೊರೆತ ಸುದ್ದಿಯನ್ನು ಕೇಳಿ ಹಿಂದಿರುಗಿ, ಆಮೇಲೆ ನಾಲ್ಕು ದಶಕಗಳಿಗೂ ಮಿಕ್ಕಿ ಬದುಕಿದರು. ಅಂಗಸಾಧನೆಯಿಂದ ಇನ್ಸುಲಿನ್ನಿನ ಪ್ರಭಾವವು ಹೆಚ್ಚುತ್ತದೆಂದು 1926ರಲ್ಲಿಯೇ ಬರೆದು ತೋರಿಸಿದವರು ಅವರೇ. ಪಾಕಿಸ್ತಾನದ ಚೆಂಡೆಸೆತಗಾರ ವಾಸಿಂ ಅಕ್ರಮ್ ಅವರಿಗೆ 1997ರಲ್ಲಿ ಮಧುಮೇಹವು ಗೊತ್ತಾದ ಮೇಲೆಯೂ ಅನೇಕ ವರ್ಷ ಆಡಿದರು. ಅಮೇರಿಕೆಯ ಈಜುಗಾರ ಗ್ಯಾರಿ ಹಾಲ್ ಕಿರಿಯರಿಗೆ 1999ರಲ್ಲಿ ಒಂದನೆಯ ತರಗತಿಯ ಮಧುಮೇಹವಾಯಿತು. ಮರುವರ್ಷವೇ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಅವರು ಚಿನ್ನದ ಪದಕವನ್ನು ಗೆದ್ದರು. ನಮ್ಮ ಮಕ್ಕಳೆಲ್ಲರೂ ಪದಕ ಗೆಲ್ಲಬೇಕೆಂದಲ್ಲ. ಗಿಡದ ಕೆಳಗೆ ಕುಳಿತಿರಬೇಕಾಗಿಲ್ಲ, ಇಷ್ಟೇ.

ಶಿಕ್ಷಕರಾದ ನಮ್ಮ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಇಂಥ ಮಗುವು ಪಾಠದ ನಡುವೆ ನೀರಿಗೂ ಹೊರಕ್ಕೂ ಏಳಬೇಕಾದೀತು, ಹೊತ್ತಲ್ಲದ ಹೊತ್ತಿಗೆ ತಿನ್ನಬೇಕಾದೀತು; ಅಡ್ಡಿಮಾಡಬೇಡಿರಿ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲಿಯೇ ಮಧುಮೇಹಿ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕೊಠಡಿಯೊಳಗೂ ಸಕ್ಕರೆಯ ಗುಳಿಗೆ, ಹಣ್ಣು, ನೀರುಗಳನ್ನು ಒಯ್ಯಲು ಅಪ್ಪಣೆ ಕೊಟ್ಟಿತು. ಪರೀಕ್ಷೆಗೆ ಸಲ್ಲುವದು ಪಾಠಕ್ಕೂ ಬಯಲಿಗೂ ಸಲ್ಲಬೇಡವೆ? ಮಗುವಿನ ಜೊತೆಗೆ ಕೂಡ್ರುವ ಇಬ್ಬರು ಗೆಳೆಯರಿಗೆ ಗುರುತುಗಳನ್ನು ಕಲಿಸಿರಿ. ಬಾಗಲಕೋಟೆಯ ನವನಗರದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯರಿದ್ದಾರೆ. ಕೇಳಿ ತಿಳಿಯುವದಕ್ಕೆ ಸಂಕೋಚಪಡಬೇಡಿರಿ. ನಾವು ಒಂದು ವರ್ಷ ಮೊದಲೇ ಕೇಳಿದ್ದರೆ ಆ ಸಂಜೆಯು ಬರುತ್ತಿರಲಿಲ್ಲ.

ಆ ಹುಡುಗನು ವೈದ್ಯರು ಹೇಳಿದ ಕ್ರಮದಂತೆ ಮುಂದಿನ ತಿಂಗಳೇ ಬಯಲಿಗಿಳಿದನು. ಆಟಕ್ಕೆ ಮೊದಲು ಪರೀಕ್ಷೆ, ನಡುವೆ ಅರ್ಧ ಬಾಳೆಯಹಣ್ಣು, ದೈಹಿಕ ಶಿಕ್ಷಕರ ಸೀಟಿಯ ದಾರಕ್ಕೆ ಕಟ್ಟಿದ ಒಂದು ಸಣ್ಣ ಗ್ಲೂಕೋಸ್ ಪೊಟ್ಟಣ, ರಾತ್ರಿ ತಾಯಿಯ ಎಚ್ಚರ. ಮೊದಲಿನಷ್ಟು ವೇಗವು ಬರಲಿಕ್ಕೆ ಆರು ತಿಂಗಳು ಹಿಡಿಯಿತು. ಈಗ ಅವನು ಇಲಕಲ್ಲಿನಲ್ಲಿ ತಂದೆಯೊಡನೆ ಸೀರೆಯ ವ್ಯಾಪಾರವನ್ನು ನೋಡಿಕೊಂಡಿದ್ದಾನೆ. ಸಂಜೆ ಓಣಿಯ ಹುಡುಗರಿಗೆ ಖೋಖೋ ಕಲಿಸುತ್ತಾನೆ. ಹೋದ ಶ್ರಾವಣದಲ್ಲಿ ಕಂಡಾಗ ಅವನ ಹಳೆಯ ಪ್ರಶ್ನೆಯನ್ನು ನಾವೇ ತೆಗೆದು, ಅಂದು ನಿನಗೆ ಉತ್ತರ ಕೊಡಲಾಗಲಿಲ್ಲವಲ್ಲಾ ಎಂದೆವು. ಅವನು ನಕ್ಕು, "ಹೋಗ್ಲಿ ಬಿಡ್ರಿ ಸರ, ಆವಾಗ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ" ಎಂದನು.

ಕೃಶನಾದವನನ್ನು ಸದಾ ರಕ್ಷಿಸಬೇಕೆಂಬ ಮಾತು ಸುಳ್ಳಲ್ಲ. ರಕ್ಷಣೆಯೆಂದರೆ ಕೂಡ್ರಿಸುವದಲ್ಲ, ಸಕ್ಕರೆಯ ಪೊಟ್ಟಣವನ್ನು ಕಿಸೆಯಲ್ಲಿಟ್ಟುಕೊಂಡು ಅವನು ಓಡುವ ಬಯಲಿನ ಅಂಚಿಗೆ ತಾನು ನಿಲ್ಲುವದು. ಇಷ್ಟನ್ನು ಕಲಿಯುವದಕ್ಕೆ ನಮಗೆ ಒಂದು ಮಗುವಿನ ಒಂದು ವರ್ಷವು ವೆಚ್ಚವಾಯಿತು. ವಾಚಕರ ಮನೆಗಳಲ್ಲಿ ಹಾಗಾಗದಿರಲಿ. ಅಲಂ ವಿಸ್ತರೇಣ.